ಅಜ್ಜನಿಂದ ಬಂದ ಜರ್ಮನ್ ರೈಫಲ್ ಮೇಲಿನ ‘ಬಿವೈಎಫ್ 43’ ಏನನ್ನು ಹೇಳುತ್ತದೆ?

ಅಜ್ಜನ ರೈಫಲ್ ಮೇಲಿನ ಗುರುತುಗಳ ಅರ್ಥ ಕೇಳಿದ್ದೀರಿ. ಮೊದಲು ಬೋಲ್ಟ್ (ಹಿಡಿಕೆ ಹಿಡಿದು ಹಿಂದೆ ಮುಂದೆ ಸರಿಸುವ ಲೋಹದ ಭಾಗ) ತೆರೆದು ಒಳಗೆ ಗುಂಡಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಎಡಬದಿಯಲ್ಲಿ ‘ಮಾಡ್. 98’ ಎಂದಿದೆ ಅಂದಿರಿ. ಹಾಗಾದರೆ ಅದು ಎರಡನೇ ಮಹಾಯುದ್ಧದ ಕಾಲದ ಜರ್ಮನ್ ಸೇನೆಯ ಕಾರ್ 98ಕೆ (Kar98k) ರೈಫಲ್. ಬ್ಯಾರೆಲ್ ಸೇರುವ ಜಾಗದ ಮೇಲಿನ ‘ಬಿವೈಎಫ್’ (byf) ಎಂಬ ಮೂರು ಸಣ್ಣಕ್ಷರ ಜರ್ಮನಿಯ ಓಬರ್ನ್‌ಡಾರ್ಫ್‌ನ ಮೌಸರ್ ಕಾರ್ಖಾನೆಯ ಗುಪ್ತ ಸಂಕೇತ, 43 ಅಂದರೆ 1943. ಅಲ್ಲಿ ‘ಬಿಎನ್‌ಜೆಡ್’ ಇದ್ದಿದ್ದರೆ ಆಸ್ಟ್ರಿಯಾದ ಸ್ಟೈರ್ ಕಾರ್ಖಾನೆ, ‘ಡಿಒಟಿ’ ಇದ್ದಿದ್ದರೆ ಈಗಿನ ಜೆಕ್ ಗಣರಾಜ್ಯದ ಬ್ರ್ನೋ ಕಾರ್ಖಾನೆ. ಹದ್ದಿನ ಕೆಳಗೆ 135 ಇರುವ ಪುಟ್ಟ ಮುದ್ರೆ ಸೇನಾ ತಪಾಸಣಾಧಿಕಾರಿಯದು. ಓಬರ್ನ್‌ಡಾರ್ಫ್‌ಗೆ ಅದು ಸರಿಯಾಗಿಯೇ ಹೊಂದುತ್ತದೆ.

ನಿಜವಾದ ಕಥೆ ಇರುವುದು ಸೀರಿಯಲ್ ನಂಬರಿನಲ್ಲಿ. ರಿಸೀವರ್ (ಬೋಲ್ಟ್ ಕೂರುವ ಲೋಹದ ಚೌಕಟ್ಟು), ಬ್ಯಾರೆಲ್, ಬೋಲ್ಟ್ ಮೂರರಲ್ಲೂ ಒಂದೇ ಸಂಖ್ಯೆ ಇದೆಯೇ ನೋಡಿ. ಕೊನೆಯಲ್ಲಿರುವ ಅಕ್ಷರವನ್ನೂ ಬರೆದಿಟ್ಟುಕೊಳ್ಳಿ: ಹತ್ತು ಸಾವಿರಕ್ಕೊಮ್ಮೆ ಅಕ್ಷರ ಬದಲಾಗುತ್ತಿತ್ತು, ಪ್ರತಿ ವರ್ಷ ಎಣಿಕೆ ಮೊದಲಿಂದ ಶುರುವಾಗುತ್ತಿತ್ತು. ಬೋಲ್ಟ್ ಮೇಲೆ ವಿದ್ಯುತ್ ಪೆನ್ಸಿಲಿನಿಂದ ಗೀಚಿದಂಥ ಸಂಖ್ಯೆ, ರಿಸೀವರ್ ಮೇಲೆ ‘ಎಕ್ಸ್’ ಗುರುತು ಕಂಡರೆ ಅದು ಸೋವಿಯತ್ ಸೇನೆ ವಶಪಡಿಸಿಕೊಂಡು ಮತ್ತೆ ಜೋಡಿಸಿದ ರೈಫಲ್. ಅಂಥದ್ದು ಅಮೆರಿಕನ್ ಸೈನಿಕರೊಬ್ಬರು ಯುದ್ಧದಿಂದ ನೇರವಾಗಿ ಮನೆಗೆ ತಂದದ್ದಾಗಿರುವ ಸಾಧ್ಯತೆ ತೀರಾ ಕಡಿಮೆ.

ದಯವಿಟ್ಟು ಉಜ್ಜಿ ಪಾಲಿಶ್ ಮಾಡಿಸಬೇಡಿ. ಮರದ ಹಿಡಿಯ ಮೇಲಿನ ಮಸುಕಾದ ಮುದ್ರೆಗಳು ಒಮ್ಮೆ ಹೋದರೆ ಹೋದವೇ. ಅಜ್ಜನ ಪೆಟ್ಟಿಗೆಯಲ್ಲಿ ಇದನ್ನು ಯುದ್ಧದಿಂದ ಮನೆಗೆ ತರಲು ಸೇನೆ ಕೊಟ್ಟ ಅನುಮತಿ ಪತ್ರ ಸಿಕ್ಕರೆ ರೈಫಲ್ ಜೊತೆಗೇ ಇಡಿ.