ಬೇಲಿ ಹಲಗೆಯ ತಲೆಗೂ ಒಂದು ಮಾಡು ಬೇಕು

ಪ್ರಶ್ನೆ: ಹೊಸ ಮನೆಯ ಅಂಗಳಕ್ಕೆ ಮರದ ಬೇಲಿ ಹಾಕಬೇಕೆಂದಿದ್ದೇನೆ. ಸಾಮಿಲ್ಲಿನಲ್ಲಿ ಕೊಯ್ಯಿಸಿದ ಅಕೇಶಿಯಾದ 60 ಹಲಗೆಗಳಿವೆ. ನಾಲ್ಕು ಇಂಚು ಅಗಲ, ಮುಕ್ಕಾಲು ಇಂಚು ದಪ್ಪ, ಒಣಗಿ ಒಂದು ವರ್ಷವಾಗಿದೆ. ತಲೆಗೆ ಮೀನಿನ ಬಾಲದ ಆಕಾರ ಕೊಟ್ಟು, ಕೆಳಗೆ ಗುಡಿಗಾರರ ಕೆಲಸದಂತೆ ಸಣ್ಣ ಬಳ್ಳಿ ಕೆತ್ತುವ ಆಸೆ. ಜಿಗ್‌ಸಾ, ಡ್ರಿಲ್, ಅರ ಇವೆ. ಎಲ್ಲ ಹಲಗೆಗಳೂ ಒಂದೇ ಥರ ಬರುವಂತೆ ಮಾಡುವುದು ಹೇಗೆ? ಮಳೆಗೆ ಏನು ಬಳಿಯಬೇಕು?
– ಓದುಗರು, ಕುಮಟಾ ತಾಲ್ಲೂಕು

ಉತ್ತರ: ಮೀನಿನ ಬಾಲ ಬೇಡ. ಅದರ ನಡುವಿನ ಕಚ್ಚು ಮಳೆನೀರಿಗೆ ಬಟ್ಟಲಾಗುತ್ತದೆ. ಮರ ಬದುಕಿದ್ದಾಗ ಬೇರಿನ ನೀರು ಮೇಲೇರುತ್ತಿದ್ದ ಸಣ್ಣ ಕೊಳವೆಗಳು ಹಲಗೆಯ ಕತ್ತರಿಸಿದ ತುದಿಯಲ್ಲಿ ಬಾಯಿ ತೆರೆದಿರುತ್ತವೆ. ಹಲಗೆಯ ಮುಖ ಒಂದು ಗುಟುಕು ನೀರು ಕುಡಿಯುವಷ್ಟರಲ್ಲಿ ತುದಿ ಲೋಟ ಖಾಲಿ ಮಾಡಿರುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಇದನ್ನು ಮರೆತು ಬೇಲಿ ಮಾಡುವಂತಿಲ್ಲ.

ಹಲವು ವರ್ಷಗಳ ಹಿಂದೆ ಕಾರವಾರದ ಒಂದು ಮನೆಗೆ ನಾನೇ ಇಂಥ ಬೇಲಿ ಮಾಡಿಕೊಟ್ಟಿದ್ದೆ. ಎರಡನೆಯ ಮಳೆಗಾಲ ಕಳೆದ ಮೇಲೆ ಹೋಗಿ ನೋಡಿದರೆ, ಕಚ್ಚಿನ ಮೂಲೆಯಲ್ಲಿ ಹಸಿರು ಪಾಚಿ, ಅದರಡಿಯಿಂದ ಕೆಳಕ್ಕೆ ಕೂದಲೆಳೆಯಷ್ಟು ಸೀಳು. ಉಗುರಿನಿಂದ ಒತ್ತಿದಾಗ ಮರ ನೆನೆದ ರಸ್ಕಿನಂತೆ ಕುಸಿಯಿತು. ಅಂದಿನಿಂದ ಮಳೆಗೆ ಮೈಯೊಡ್ಡುವ ಹಲಗೆಗೆ ಒಳಬಾಗಿದ ಆಕಾರ ಕೊಟ್ಟಿಲ್ಲ. ಬಳ್ಳಿಯ ಕೆತ್ತನೆಗೂ ಇದೇ ಮಾತು. ಗುಡಿಗಾರರ ಶ್ರೀಗಂಧದ ಕೆಲಸ ಮನೆಯೊಳಗೆ ಇರುವಂಥದು. ಬೇಲಿಯಲ್ಲಿ ಅದರ ಒಂದೊಂದು ಗೀರಿನಲ್ಲೂ ನೀರು ನಿಲ್ಲುತ್ತದೆ. ಅಷ್ಟು ಆಸೆಯಿದ್ದರೆ ಜಗಲಿಯ ಬಾಗಿಲ ಮೇಲೆ ಕೆತ್ತಿಸಿ. ಹಿಂದಿನವರು ಮಣ್ಣಿನ ಪಾಗಾರದ ತಲೆಗೆ ಸೋಗೆ ಹೊದಿಸುತ್ತಿದ್ದರಲ್ಲ, ಹಲಗೆಗೆ ಅಂಥ ಹೊದಿಕೆ ಹಾಕಲಾಗುವುದಿಲ್ಲ. ಅದರ ತಲೆಯೇ ಮನೆಯ ಮಾಡಿನಂತೆ ನೀರು ಇಳಿಸಬೇಕು.

ನನ್ನ ಆಯ್ಕೆ ಹಣತೆಯ ಕುಡಿಯ ಆಕಾರ. ಕೈವಾರವನ್ನು ಹಲಗೆಯ ಅಗಲದಷ್ಟೇ, ಅಂದರೆ ನಾಲ್ಕು ಇಂಚು ತೆರೆಯಿರಿ. ಮುಳ್ಳನ್ನು ಎಡ ಅಂಚಿನಲ್ಲಿ ಊರಿ, ಬಲ ಅಂಚಿನಿಂದ ಮೇಲಕ್ಕೆ ಕಮಾನು ಎಳೆಯಿರಿ. ಅದೇ ಮಟ್ಟದಲ್ಲಿ ಮುಳ್ಳನ್ನು ಬಲ ಅಂಚಿಗೆ ಊರಿ ಎಡದಿಂದ ಇನ್ನೊಂದು ಎಳೆಯಿರಿ. ಎರಡೂ ಸುಮಾರು ಮೂರೂವರೆ ಇಂಚು ಎತ್ತರದಲ್ಲಿ ಕೂಡುತ್ತವೆ. ಎಲ್ಲೂ ಚಪ್ಪಟೆ ಜಾಗವಿಲ್ಲ, ನೀರು ಎರಡೂ ಕಡೆ ಜಾರುತ್ತದೆ. ಇಷ್ಟು ಕೆಲಸ ಬೇಡವೆನಿಸಿದರೆ ಎರಡು ಮೂಲೆಗಳನ್ನು ಒಂದೊಂದು ಇಂಚು ಓರೆಯಾಗಿ ಕತ್ತರಿಸಿ, ನಡುವೆ ಉಳಿದ ಚಪ್ಪಟೆ ಭಾಗವನ್ನು ಹಿಂದಕ್ಕೆ ಇಳಿಜಾರು ಮಾಡಿದರೂ ಸಾಕು.

ಈ ಆಕಾರವನ್ನು 6 ಮಿಲಿಮೀಟರ್ ಪ್ಲೈವುಡ್‌ನಲ್ಲಿ ಒಮ್ಮೆ ಕತ್ತರಿಸಿ, ಅರದಿಂದ ನಯಮಾಡಿ ಅಚ್ಚು ಮಾಡಿಕೊಳ್ಳಿ. ಅಚ್ಚಿನ ಒಂದು ಪಕ್ಕಕ್ಕೆ ಸಣ್ಣ ಪಟ್ಟಿ ಅಂಟಿಸಿದರೆ ಅದು ಪ್ರತಿ ಹಲಗೆಯ ಅಂಚಿಗೂ ಒಂದೇ ರೀತಿ ಆತು ಕೂರುತ್ತದೆ. ಅರವತ್ತಕ್ಕೂ ಅದೇ ಅಚ್ಚು ಇರಲಿ. ಈಗಷ್ಟೇ ಕತ್ತರಿಸಿದ ಹಲಗೆಯನ್ನು ಮುಂದಿನದರ ಮೇಲಿಟ್ಟು ಗೆರೆ ಎಳೆಯುವವರು ಬಹಳ ಮಂದಿ. ಒಂದೊಂದು ಸಲವೂ ಪೆನ್ಸಿಲ್ ಗೆರೆಯ ದಪ್ಪ ಸೇರುತ್ತಾ ಹೋಗಿ, ಮೊದಲ ಹಲಗೆಗೂ ಕೊನೆಯದಕ್ಕೂ ಸಂಬಂಧವೇ ಉಳಿಯುವುದಿಲ್ಲ.

ಗೆರೆ ಎಳೆಯುವ ಮೊದಲು ಯಾವ ತುದಿ ಮೇಲೆ ಬರಬೇಕೆಂದು ನೋಡಿ. ಗಂಟಿಲ್ಲದ, ಕಂದು ತಿರುಳು ಹೆಚ್ಚಿರುವ ತುದಿ ತಲೆಗೆ ಒಳ್ಳೆಯದು. ಬಿಳಿ ಭಾಗಕ್ಕೆ ಹುಳು ಬೇಗ ಬೀಳುತ್ತದೆ.

ಜಿಗ್‌ಸಾದ ಹಲ್ಲು ಮೇಲೇಳುವಾಗ ಕತ್ತರಿಸುವುದರಿಂದ ಮೇಲ್ಮುಖದಲ್ಲಿ ಸಿಬಿರು ಏಳುತ್ತದೆ. ಹಾಗಾಗಿ ದಾರಿಗೆ ಕಾಣುವ ಮುಖವನ್ನು ಕೆಳಗೆ ಮಾಡಿ, ಹಿಂಬದಿಯಲ್ಲಿ ಗೆರೆ ಎಳೆದು ಕತ್ತರಿಸಿ. ನಾಲ್ಕೈದು ಹಲಗೆಗಳನ್ನು ಒಟ್ಟಿಗೆ ಕತ್ತರಿಸುವ ಆಸೆಗೆ ಬೀಳಬೇಡಿ. ಬ್ಲೇಡು ಒಳಗೆ ಬಾಗಿ, ಕೆಳಗಿನ ಹಲಗೆಯ ಆಕಾರವೇ ಬೇರೆಯಾಗುತ್ತದೆ. ತುದಿಯಿಂದ ಶುರುಮಾಡಿ ಕೆಳಕ್ಕೆ ಬನ್ನಿ. ಪಕ್ಕದ ಅಂಚಿನಿಂದ ಹೊರಟರೆ ಬ್ಲೇಡು ಜಾರುತ್ತದೆ. ಗೆರೆಯನ್ನು ಉಳಿಸಿಯೇ ಕತ್ತರಿಸಿ.

ಆಮೇಲೆ ಐದಾರು ಹಲಗೆಗಳನ್ನು ಪುಸ್ತಕದ ಹಾಳೆಗಳಂತೆ ಒತ್ತೊತ್ತಾಗಿ ಜೋಡಿಸಿ, ಕ್ಲ್ಯಾಂಪಿನಿಂದ ಬಿಗಿದು, ಗೆರೆಯವರೆಗೂ ಅರ ಹಾಕಿ. ಒಂದೇ ಥರ ಬರುವ ಗುಟ್ಟು ಇಲ್ಲಿದೆ. ಒಂದರ ಪಕ್ಕ ಒಂದಿದ್ದಾಗ ತಪ್ಪಿದ ತಲೆ ಬೆರಳಿಗೇ ಸಿಗುತ್ತದೆ, ಪಕ್ಕದ ಹಲಗೆಯ ಆಸರೆಯಿಂದ ಅಂಚೂ ಒಡೆಯುವುದಿಲ್ಲ. ಅರ ಪಕ್ಕದಿಂದ ತುದಿಯ ಕಡೆಗೆ ಹೋಗಲಿ. ತುದಿಯಿಂದ ಕೆಳಕ್ಕೆ ಎಳೆದರೆ ನಾರು ಕಿತ್ತು ಬರುತ್ತದೆ. ಕೊನೆಗೆ ಕುಡಿಯನ್ನೂ ಎಲ್ಲ ಅಂಚುಗಳನ್ನೂ ಸ್ವಲ್ಪ ಮೊಂಡು ಮಾಡಿ. ಚೂಪು ಅಂಚಿನ ಮೇಲೆ ಬಣ್ಣ ನಿಲ್ಲದು. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಮರೆಯಬೇಡಿ.

ಇನ್ನು ಬಳಿಯುವ ವಿಷಯ. ಮರದ ಬಣ್ಣ ಕಾಣಬೇಕೆಂದಿದ್ದರೆ ಅಂಗಡಿಯಲ್ಲಿ ‘ಬಾಯ್ಲ್ಡ್ ಲಿನ್ಸೀಡ್ ಆಯಿಲ್’ ಎಂದು ಸಿಗುವ ಅಗಸೆ ಎಣ್ಣೆಯನ್ನು ಡಬ್ಬಿಯಲ್ಲಿ ನಾಲ್ಕು ಇಂಚು ತುಂಬಿ, ಹಲಗೆಗಳನ್ನು ತಲೆಕೆಳಗಾಗಿ ಅರ್ಧ ಗಂಟೆ ನಿಲ್ಲಿಸಿ. ಕುಂಚದಿಂದ ಸವರುವುದಕ್ಕೂ ಇದಕ್ಕೂ ಅಜಗಜಾಂತರ. ಎಣ್ಣೆಗೆ ಬೂಸ್ಟು ಹಿಡಿಯುವುದುಂಟು, ಆದ್ದರಿಂದ ಪ್ರತಿ ಬೇಸಿಗೆಯಲ್ಲಿ ಒರೆಸಿ ಮತ್ತೆ ಬಳಿಯಬೇಕು. ಕಪ್ಪಾದರೂ ಚಿಂತೆಯಿಲ್ಲ ಎನ್ನುವವರಿಗೆ ದೋಣಿಗೆ ಬಳಿಯುತ್ತಿದ್ದ ಗೇರುಬೀಜದ ಸಿಪ್ಪೆಯ ಎಣ್ಣೆ ಇದೆ. ಅದು ಚರ್ಮ ಸುಡುತ್ತದೆ, ಕೈಗವಸು ಬೇಕೇ ಬೇಕು. ಬಣ್ಣ ಹಚ್ಚುವುದಾದರೆ ಎಣ್ಣೆ ಬೇಡ, ತಲೆಗೆ ಮಾತ್ರ ಪ್ರೈಮರ್ ಎರಡು ಸಲ ಹೆಚ್ಚು ಕುಡಿಸಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬಿಸಿಯೇರಿ ಬೆಂಕಿ ಹತ್ತಬಹುದು. ಬಯಲಿನಲ್ಲಿ ಹರಡಿ ಒಣಗಿಸಿ.

ಎರಡೆರಡು ಇಂಚು ಸಂದು ಬಿಟ್ಟರೆ ನಿಮ್ಮ 60 ಹಲಗೆಗಳಿಗೆ 30 ಅಡಿ ಬೇಲಿಯಾಗುತ್ತದೆ. ಬುಡ ನೆಲದಿಂದ ಮೂರು ಇಂಚು ಮೇಲಿರಲಿ. ಗೆದ್ದಲು ಹತ್ತಿದರೆ ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ: ನಮ್ಮ ಬೇಲಿಯಲ್ಲಿ ಪ್ರತಿ ಮೊಳೆಯ ಕೆಳಗೂ ಕಪ್ಪು ಗೆರೆ ಇಳಿದಿದೆ. ಹೋಗಿಸಬಹುದೇ?
– ಓದುಗರು, ಕಾರವಾರ

ಉತ್ತರ: ಮರದ ಒಗರಿಗೆ ಕಬ್ಬಿಣದ ತುಕ್ಕು ಸೇರಿ ಆದ ಕಲೆ ಅದು. ಕಡಲ ಉಪ್ಪುಗಾಳಿಯಲ್ಲಿ ಇನ್ನೂ ಬೇಗ ಆಗುತ್ತದೆ. ಮೊದಲು ಮೊಳೆ ಕಿತ್ತು ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ. ಡ್ರಿಲ್‌ನಿಂದ ತೂತು ಮಾಡಿಕೊಂಡೇ ತಿರುಗಿಸಿ, ಇಲ್ಲವಾದರೆ ಹಲಗೆ ಸೀಳುತ್ತದೆ. ಕಲೆಗೆ ನೀರಿನಲ್ಲಿ ಕರಗಿಸಿದ ಆಕ್ಸಾಲಿಕ್ ಆಮ್ಲ ಹಚ್ಚಿ, ಬಣ್ಣ ತಿಳಿಯಾದ ಮೇಲೆ ಚೆನ್ನಾಗಿ ತೊಳೆಯಿರಿ. ಅದು ವಿಷ. ಕೈಗವಸು ಹಾಕಿಕೊಂಡೇ ಮುಟ್ಟಿ, ತೊಳೆದ ನೀರು ಬಾವಿಯ ಕಡೆಗೆ ಹರಿಯದಂತೆ ನೋಡಿಕೊಳ್ಳಿ.