ಮೆಕ್ಕೆಜೋಳದ ಸೈನಿಕ ಹುಳು: ಡಿಗ್ರಿ ನೋಡಿ ದಿನ ಲೆಕ್ಕ ಹಾಕೋದು

ಜಗಳೂರಿನ ಅಣ್ಣ, "ಸೆಕೆ ಹೆಚ್ಚಾದರೆ ಫಾಲ್ ಸೈನಿಕ ಹುಳು ಬೇಗ ಬರುತ್ತಾ, ಮೊಬೈಲ್‌ನಲ್ಲಿ ಡಿಗ್ರಿ ನೋಡಿ ಮೊದಲೇ ಹೇಳಬಹುದಾ" ಅಂತ ಕೇಳಿದ್ದೀರಿ. ಮೊದಲ ಪೀಳಿಗೆಯ ಮಟ್ಟಿಗೆ ಹೇಳಬಹುದು.

ಅಮೆರಿಕ ಖಂಡದ ಈ ಹುಳು 2018ರಲ್ಲಿ ನಮ್ಮ ಪಕ್ಕದ ಶಿವಮೊಗ್ಗದಲ್ಲಿ ಕಾಣಿಸಿಕೊಂಡಿತು. ಸುಮಾರು 12.6 ಡಿಗ್ರಿಗಿಂತ ಕೆಳಗೆ ಇದರ ಬೆಳವಣಿಗೆ ನಿಲ್ಲುತ್ತದೆ. ಅದಕ್ಕಿಂತ ಮೇಲಿನ ಕಾವು ದಿನದಿನವೂ ಕೂಡುತ್ತಾ ಸುಮಾರು 391 ಆದಾಗ ಮೊಟ್ಟೆಯಿಂದ ಪತಂಗದವರೆಗೆ ಒಂದು ಸುತ್ತು ಮುಗಿಯುತ್ತದೆ.

ಗರಿಷ್ಠ, ಕನಿಷ್ಠ ಕೂಡಿಸಿ ಅರ್ಧ ಮಾಡಿ, 12.6 ಕಳೆಯಿರಿ. ಮುಂಗಾರಿನಲ್ಲಿ 29 ಮತ್ತು 21 ಇದ್ದರೆ ದಿನಕ್ಕೆ 12.4; 391ನ್ನು ಇದರಿಂದ ಭಾಗಿಸಿದರೆ ಸುತ್ತಿಗೆ 31-32 ದಿನ. ಏಪ್ರಿಲ್‌ನಲ್ಲಿ 37 ಮತ್ತು 23 ಇದ್ದರೆ 22-23 ದಿನ ಬರುತ್ತದೆ, ಆದರೆ ಇಲ್ಲೇ ಎಲ್ಲರೂ ಎಡವೋದು. 32 ದಾಟಿದ ಮೇಲೆ ಹುಳು ಅದೇ ವೇಗದಲ್ಲಿ ಬೆಳೆಯಲ್ಲ. ಗರಿಷ್ಠವನ್ನು 32ಕ್ಕೇ ನಿಲ್ಲಿಸಿ ಬರೆಯಿರಿ, 26 ದಿನ ಆಗುತ್ತದೆ.

ಹಾಗಾಗಿ ನನಗೆ ಬೇಸಿಗೆಯ ಬಿಸಿಲಿಗಿಂತ ಚಳಿಗಾಲದ ರಾತ್ರಿಯದ್ದೇ ಹೆಚ್ಚು ಚಿಂತೆ. ಡಿಸೆಂಬರ್‌ನಲ್ಲಿ 29 ಮತ್ತು 15 ಇದ್ದರೆ ಸುಮಾರು 42 ದಿನ. ಕನಿಷ್ಠ ಬರೀ 2 ಡಿಗ್ರಿ ಏರಿ 17 ಆದರೆ 38ಕ್ಕೆ ಇಳಿಯುತ್ತದೆ. ಈ ಹುಳುವಿಗೆ ಚಳಿಗೆ ಮಲಗುವ ಸ್ವಭಾವ ಇಲ್ಲ. ನೀರಾವರಿ ಮೆಕ್ಕೆಜೋಳ ಸಿಕ್ಕರೆ ವರ್ಷಪೂರ್ತಿ ಸುತ್ತು ಹಾಕುತ್ತದೆ.

ಲೆಕ್ಕ ಶುರುವಾಗಬೇಕಾದ್ದು ಬಿತ್ತನೆ ದಿನದಿಂದ ಅಲ್ಲ, ಮೋಹಕ ಬಲೆಗೆ (ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಬಲೆ) ಮೊದಲ ಪತಂಗ ಬಿದ್ದ ದಿನದಿಂದ. ಬಿತ್ತಿದಾಗಲೇ ಎಕರೆಗೆ 4-5 ಬಲೆ ಕಟ್ಟಿ, ಅದರೊಳಗಿನ ವಾಸನೆಯ ಗುಳಿಗೆ (ಲ್ಯೂರ್) ತಿಂಗಳಿಗೊಮ್ಮೆ ಬದಲಿಸಿ. ಮೊಟ್ಟೆ ಇಡಲು 3-4 ದಿನ, ಒಡೆಯಲು ಮುಂಗಾರಿನಲ್ಲಿ ಸುಮಾರು 3 ದಿನ. ಒಂದು ವಾರಕ್ಕೆ ಹೊಲಕ್ಕಿಳಿದು 5 ಕಡೆ 20 ಗಿಡದಂತೆ 100 ಗಿಡ ನೋಡಿ. ಎಲೆ ಮೇಲೆ ಕೆರೆದಂತೆ ಬಿಳಿ ಮಚ್ಚೆ ಇರುತ್ತದೆ. ದೊಡ್ಡ ಹುಳುವಾದರೆ ತಲೆ ಮೇಲೆ ತಲೆಕೆಳಗಾದ ವೈ ಗುರುತು, ಬಾಲದ ಹತ್ತಿರ ಚೌಕಾಕಾರದಲ್ಲಿ 4 ಚುಕ್ಕೆ. 10 ಗಿಡಕ್ಕೆ ಬಿದ್ದಿದ್ದರೆ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಕೀಟನಾಶಕ ಲೀಟರ್ ನೀರಿಗೆ 0.4 ಗ್ರಾಂ, ಸಂಜೆ ಹೊತ್ತು, ಸುಳಿಯೊಳಗೆ ಇಳಿಯುವಂತೆ ಹೊಡೆಯಿರಿ. ಇನ್ನೊಂದು ವಾರ ಬಿಟ್ಟರೆ ಹುಳು ಸುಳಿಯ ಆಳಕ್ಕೆ ಹೋಗಿ ಲದ್ದಿಯಿಂದ ಸುಳಿಯ ಬಾಯಿ ಮುಚ್ಚಿಬಿಡುತ್ತದೆ, ಔಷಧಿ ತಲುಪಲ್ಲ.

ಜೋರು ಮಳೆ ಬಂದರೆ ಮರಿಹುಳು ಬಹಳಷ್ಟು ಸಾಯುತ್ತವೆ, ಅದು ಈ ಲೆಕ್ಕಕ್ಕೆ ಗೊತ್ತಾಗಲ್ಲ; ಹೊಡೆಯುವ ಮುಂಚೆ ಮತ್ತೆ ಎಣಿಸಿ. ಸುತ್ತಲಿನ ಹೊಲಗಳಲ್ಲಿ ಬಿತ್ತನೆ ಹಿಂದೆಮುಂದೆ ಆಗಿದ್ದರೆ ಎರಡನೇ ಸುತ್ತಿನ ಹೊತ್ತಿಗೆ ಮೊಟ್ಟೆ, ಹುಳು, ಕೋಶ ಎಲ್ಲ ಕಲೆತುಹೋಗಿರುತ್ತವೆ. ಆಗ ಡಿಗ್ರಿ ಬಿಟ್ಟು ವಾರಕ್ಕೆರಡು ಸಲ ಗಿಡವನ್ನೇ ನೋಡಬೇಕು.