‘ಅವ್ವನಿಗೆ ಹೇಳಬೇಡ’ ಅಂದರಂತೆ ಅಪ್ಪ

ಪ್ರಶ್ನೆ: ನಾವು ವಿರಾಜಪೇಟೆ ಕಡೆಯ ಕಾಫಿ ಬೆಳೆಗಾರರು. ಮೂರು ವರ್ಷದಿಂದ ಕಾಫಿ ಮಾರಿದ ಮೇಲೆ ಏಪ್ರಿಲ್ ರಜೆಯಲ್ಲಿ ಭಾವನ ಮನೆಯವರ ಜೊತೆ ಗೋವಾಕ್ಕೆ ಹೋಗುತ್ತೇವೆ. ಹೆಸರಿಗೆ ಮಕ್ಕಳ ರಜೆ. ಸಂಜೆಯಾದರೆ ಗಂಡ ಮತ್ತು ಭಾವ ಜೂಜಾಡಲು ಕ್ಯಾಸಿನೊ ಹಡಗಿಗೆ. ನಾನು, ಓರಗಿತ್ತಿ ಮಕ್ಕಳನ್ನು ಕಟ್ಟಿಕೊಂಡು ಹೋಟೆಲಿನಲ್ಲಿ. ಹೋದ ವರ್ಷ ಎಲ್ಲರೂ ಹಡಗಿಗೇ ಹೋಗಿ ಮಕ್ಕಳನ್ನು ಅಲ್ಲಿನ ಆಟದ ಕೋಣೆಯಲ್ಲಿ ಬಿಟ್ಟಿದ್ದೆವು. ಈಗ 13 ವರ್ಷದ ಮಗ, ‘ನನಗೆ 21 ಆಗೋಕೆ ಇನ್ನು ಎಂಟೇ ವರ್ಷ’ ಅನ್ನುತ್ತಾನೆ. ಮೊನ್ನೆ ಅವನ ಬಾಯಿಂದಲೇ ಹೊರಬಿತ್ತು: ಹಡಗಿನಿಂದ ಬಂದ ಮರುದಿನ ಬೆಳಿಗ್ಗೆ ಅಪ್ಪ ಅವನನ್ನು ಎಟಿಎಂಗೆ ಕರೆದುಕೊಂಡು ಹೋಗಿದ್ದರಂತೆ, ‘80 ಸಾವಿರ ಹೋಯ್ತು, ಅವ್ವನಿಗೆ ಹೇಳಬೇಡ’ ಅಂದಿದ್ದರಂತೆ. ಗಂಡನನ್ನು ಕೇಳಿದರೆ, ‘ಲಾಸ್ ವೇಗಸ್‌ಗೆ ಜನ ಮಕ್ಕಳ ಸಮೇತ ಹೋಗಲ್ವಾ’ ಎನ್ನುತ್ತಾರೆ. ಈ ವರ್ಷದ್ದಕ್ಕೂ ರೂಮ್ ನೋಡುತ್ತಿದ್ದಾರೆ. ಬರಲ್ಲ ಅಂದರೆ ಮನೆಯಲ್ಲಿ ಜಗಳ. ಏನು ಮಾಡಲಿ?

ತಂಗೀ, ನಿನ್ನ ಪತ್ರ ಓದುತ್ತಾ ನಾನು ನಿಂತುಬಿಟ್ಟದ್ದು ಆ ಎಟಿಎಂ ಎದುರು. ಒಂದು ವರ್ಷ ಪೂರ್ತಿ ಆ ಹುಡುಗ ಊಟಕ್ಕೆ ಕೂತಾಗಲೆಲ್ಲ ನಿನ್ನ ಮುಖ ನೋಡಿದ್ದಾನೆ, ಮಾತು ನುಂಗಿದ್ದಾನೆ. ಹಡಗಿನ ವಿಚಾರ ಆಮೇಲೆ ನೋಡೋಣ. ಮೊದಲು ಅವನ ತಲೆಯ ಮೇಲಿನ ಹೊರೆ ಇಳಿಸು.

ನಾನೂ ಇಂಥ ಮನೆಯಲ್ಲೇ ಬೆಳೆದವಳು. ನಮ್ಮಪ್ಪ ಇಸ್ಪೀಟಿಗೆ ಕೂರುತ್ತಿದ್ದರು. ರಾತ್ರಿ ಜೀಪು ಉಣುಗೋಲಿನ ಹತ್ತಿರ ನಿಂತು, ಅಪ್ಪ ಇಳಿದು, ಜೀಪಿನ ಬಾಗಿಲು ಹಾಕುವ ಸದ್ದಿನಲ್ಲೇ ಇವತ್ತು ಗೆಲುವೋ ಸೋಲೋ ಎಂದು ನಾವು ಮಕ್ಕಳು ಹಾಸಿಗೆಯಲ್ಲಿ ಮಲಗಿಕೊಂಡೇ ಹೇಳುತ್ತಿದ್ದೆವು. ಗೆದ್ದ ದಿನ ಎಬ್ಬಿಸಿ ಮಿಠಾಯಿ ಕೊಡುತ್ತಿದ್ದರು. ಸೋತ ದಿನ ಬೆಳಿಗ್ಗೆ ಅವರೆದುರು ಯಾರೂ ಸುಳಿಯುತ್ತಿರಲಿಲ್ಲ. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು, ರಾತ್ರಿ ಗಾಡಿಯ ಬಾಗಿಲು ಜೋರಾಗಿ ಬಡಿದರೆ ಇವತ್ತಿಗೂ ನನ್ನ ಎದೆ ಧಸಕ್ ಎನ್ನುತ್ತದೆ. ಆಟದ ಕೋಣೆಯಲ್ಲಿ ಎಷ್ಟೇ ಆಟಿಕೆ ಇಟ್ಟಿರಲಿ, ಆ ರಾತ್ರಿ ನಿನ್ನ ಮಗ ಕಾಯುತ್ತಿದ್ದದ್ದು ಅಪ್ಪ ಎಂಥ ಮುಖ ಹೊತ್ತು ಬರುತ್ತಾರೆ ಎಂಬುದನ್ನೇ.

ನಿನ್ನ ಗಂಡ ಕೆಟ್ಟವರು ಎಂದು ನಾನು ಹೇಳುವುದಿಲ್ಲ. ಆಳು ಸಿಗದೆ, ಆನೆ ಕಾಟ ಸಹಿಸಿ, ಕಣದಲ್ಲಿ ಕಾಫಿ ಒಣಗುವವರೆಗೆ ಮೋಡ ನೋಡುತ್ತಾ ಕೂತ ಮನುಷ್ಯನಿಗೆ ನಾಲ್ಕು ದಿನ ಬಿಡುವು ಬೇಕೇ ಬೇಕು. ಆದರೆ ಲಾಸ್ ವೇಗಸ್ ಮಾತಿಗೆ ಉತ್ತರ ಇದೆ. 1990ರ ದಶಕದಲ್ಲಿ ಅಮೆರಿಕದ ಆ ಜೂಜಿನ ಊರು ಮಕ್ಕಳಿರುವ ಸಂಸಾರಗಳನ್ನು ಕರೆಯಲು ಬಹಳ ದುಡ್ಡು ಸುರಿಯಿತು. 1993ರಲ್ಲಿ ಒಂದು ಹೋಟೆಲಿನ ಮುಂದೆ ಕಡಲುಗಳ್ಳರ ಹಡಗಿನ ಕಾಳಗ ಶುರುವಾಯಿತು, ಎಂಜಿಎಂ ಗ್ರ್ಯಾಂಡ್ ಹೋಟೆಲು ಹಿಂದುಗಡೆ ದೊಡ್ಡ ಮನರಂಜನಾ ಪಾರ್ಕನ್ನೇ ಕಟ್ಟಿತು. ಆ ಪಾರ್ಕು ಹತ್ತು ವರ್ಷ ಕೂಡ ಬಾಳಲಿಲ್ಲ. ಊರು ಮತ್ತೆ ದೊಡ್ಡವರನ್ನೇ ಕರೆಯತೊಡಗಿತು. ಅಲ್ಲಿ ಇವತ್ತಿಗೂ 21 ತುಂಬದವರು ಜೂಜಿನ ಅಂಗಳ ದಾಟಿ ಹೋಗಬಹುದು, ನಿಲ್ಲುವಂತಿಲ್ಲ. ಗೋವಾದಲ್ಲೂ ಅಷ್ಟೇ, ಆಟದ ಮೇಜಿಗೆ 21 ಆಗಿರಬೇಕು. ಇನ್ನೊಂದು ವಿಷಯ ನಿನ್ನ ಗಂಡನಿಗೆ ಹೇಳು: 1996ರಲ್ಲಿ ಕಾಯ್ದೆ ತಿದ್ದಿ ಹಡಗಿನ ಜೂಜಿಗೆ ದಾರಿ ಮಾಡಿಕೊಟ್ಟ ಗೋವಾ ಸರ್ಕಾರವೇ 2020ರ ಫೆಬ್ರುವರಿಯಿಂದ ಗೋವಾದವರನ್ನು ಕ್ಯಾಸಿನೊ ಒಳಗೆ ಬಿಡುವುದಿಲ್ಲ. ತನ್ನ ಜನರಿಗೆ ಬೇಡವೆಂದದ್ದನ್ನು ಹೊರಗಿನವರಿಗೆ ಇಟ್ಟುಕೊಂಡಿದೆ. ಆ ಹೊರಗಿನವರು ನೀವು.

ಮಗನ ಹತ್ತಿರ ಒಬ್ಬಳೇ ಕೂತು ಮಾತಾಡು. ‘ನೀನು ಹೇಳಿದ್ದು ಒಳ್ಳೆಯದಾಯಿತು, ಅಪ್ಪನಿಗೆ ಮೋಸ ಮಾಡಿದ ಹಾಗಲ್ಲ, ದುಡ್ಡಿನ ವಿಚಾರ ದೊಡ್ಡವರು ನೋಡಿಕೊಳ್ಳುತ್ತೇವೆ’ ಎನ್ನು. ಅಪ್ಪನನ್ನು ಅವನೆದುರು ಬೈಯಬೇಡ. ಇನ್ನೊಂದು ದಿನ ಒಂದು ಹಿಡಿ ಕಾಫಿ ಬೀಜ ತಂದು, ಸೊನ್ನೆಯಿಂದ 36ರವರೆಗೆ ಚೀಟಿ ಬರೆಯಲು ಹೇಳು. ಚೆಂಡು ಯಾವ ಅಂಕಿಯ ಮನೆಯಲ್ಲಿ ನಿಲ್ಲುತ್ತದೆ ಎಂದು ಪಣ ಕಟ್ಟುವ ರೂಲೆಟ್ ಚಕ್ರದಲ್ಲಿರುವುದು ಇಷ್ಟೇ, 37 ಮನೆ. ಒಂದೊಂದು ಚೀಟಿಯ ಮೇಲೂ ಒಂದೊಂದು ಬೀಜ ಇಡಲಿ. ಗೆದ್ದ ಅಂಕಿಗೆ ಕ್ಯಾಸಿನೊದವರು ಕೊಡುವುದು 35, ಇಟ್ಟ ಒಂದು ಬೀಜ ವಾಪಸು. ಯಾವ ಚೀಟಿ ಎತ್ತಿದರೂ ಇಟ್ಟದ್ದು 37, ಕೈಗೆ ಬಂದದ್ದು 36. ಹತ್ತು ಸಲ ಆಡಲಿ, ಹತ್ತು ಬೀಜ ಹೋಗಿರುತ್ತದೆ. ಚಕ್ರದಲ್ಲಿ ಎರಡು ಸೊನ್ನೆ ಇದ್ದರಂತೂ ಸುತ್ತಿಗೆ ಎರಡು ಹೋಗುತ್ತದೆ. ಎಂಟು ವರ್ಷ ಎಣಿಸುತ್ತಿರುವ ಹುಡುಗ ಈ ಲೆಕ್ಕವನ್ನೂ ತಾನೇ ಮಾಡಿ ನೋಡಲಿ.

ಗಂಡನ ಹತ್ತಿರ ಬೆಳಗಿನ ಕಾಫಿ ಹೊತ್ತಿಗೆ, ಭಾವ ಇಲ್ಲದಾಗ ಮಾತಾಡು. ಭಾವನೆದುರು ಹೇಳಿದರೆ ಅದು ಮರ್ಯಾದೆಯ ಪ್ರಶ್ನೆಯಾಗಿ ಮಾತೇ ದಾರಿ ತಪ್ಪುತ್ತದೆ. 80 ಸಾವಿರದಿಂದ ಶುರು ಮಾಡಬೇಡ. ‘ಮಗನ ಕೈಲಿ ನನ್ನ ಹತ್ತಿರ ಗುಟ್ಟು ಮಾಡಿಸಿದಿರಿ, ಅದು ನನಗೆ ನೋವಾಗಿದೆ’ ಎಂದು ಹೇಳಿ ಸುಮ್ಮನಿರು. ಅವರು ಮಾತಾಡಲಿ. ಆಮೇಲೆ ನಿನ್ನ ನಿಲುವು: ಮಕ್ಕಳಿರುವ ಪ್ರವಾಸದಲ್ಲಿ ಹಡಗು ಇಲ್ಲ. ಇದರಲ್ಲಿ ಮಾತ್ರ ನೀನು ಹಿಂದೆ ಸರಿಯಬಾರದು ಎಂಬುದು ನನ್ನ ಬಲವಾದ ಅನಿಸಿಕೆ. ಒಪ್ಪಿದರೆ ಗೋವಾಕ್ಕೆ ಖುಷಿಯಾಗಿ ಹೊರಡಿ. ಆ ಹಡಗುಗಳು ನಿಂತ ಮಾಂಡೋವಿ ನದಿಯಲ್ಲೇ ಚೋರಾವ್ ದ್ವೀಪ ಇದೆ, ಅಲ್ಲಿ ಸಲೀಂ ಅಲಿ ಪಕ್ಷಿಧಾಮ. ರಿಬಂದರ್‌ನಿಂದ ಫೆರಿಯಲ್ಲಿ ದಾಟಿ ಕಾಂಡ್ಲಾ ಕಾಡಿನ ನಡುವೆ ಅಪ್ಪ, ಮಗ ದೋಣಿಯಲ್ಲಿ ಕೂರಲಿ.

ಒಪ್ಪದಿದ್ದರೆ ಅಣ್ಣ ತಮ್ಮ ಇಬ್ಬರೇ ಹೋಗಿ ಬರಲಿ. ತಡೆಯಲು ಹೋಗಿ ನೀನು ದಣಿಯಬೇಡ. ಎಷ್ಟು ದುಡ್ಡು ಒಯ್ಯುತ್ತಾರೆ ಎಂದು ಮೊದಲೇ ಮಾತಾಗಲಿ, ಎಟಿಎಂ ಕಾರ್ಡು ಮನೆಯಲ್ಲಿರಲಿ. ಏಪ್ರಿಲ್‌ನಲ್ಲಿ ಕೊಡಗಿನಲ್ಲಿ ಮಕ್ಕಳಿಗೆ ಬೇಜಾರು ಎನ್ನುವ ಹಾಗಿಲ್ಲ, 1997ರಿಂದ ನಡೆದು ಬಂದಿರುವ ಕೊಡವ ಕುಟುಂಬಗಳ ಹಾಕಿ ಹಬ್ಬ ಆಗಲೇ ಅಲ್ಲವೇ? ಓರಗಿತ್ತಿಯನ್ನೂ ಕರೆದುಕೊಂಡು ಮೈದಾನಕ್ಕೆ ಹೋಗು. ಅವಳಿಗೂ ಹೇಳಿಕೊಳ್ಳುವುದು ಇರಬಹುದು.

ನಿನ್ನ ಗಂಡ ಹೋದದ್ದನ್ನು ವಾಪಸು ತರುತ್ತೇನೆಂದು ಹಟಕ್ಕೆ ಬಿದ್ದರೆ, ಸಾಲ ಮಾಡಿದರೆ, ಕಾಫಿ ಬರುವ ಮೊದಲೇ ವ್ಯಾಪಾರಿ ಹತ್ತಿರ ಮುಂಗಡ ತಂದು ಆಡಿದರೆ, ಅದು ಹವ್ಯಾಸದ ಮಟ್ಟ ದಾಟಿದೆ ಎಂದು ತಿಳಿ. ಆಗ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಗಂಡ ಮಾತಾಡಲು ಒಪ್ಪದಿದ್ದರೂ ನೀನು ಮಾತಾಡಬಹುದು.

ರೂಮ್ ಬುಕ್ ಆಗುವ ಮೊದಲು, ಈ ವಾರದಲ್ಲೇ ಮಗನ ಹತ್ತಿರ ಕೂರು.